ಓದುಗರ ಪ್ರಶ್ನೆ: ಮರ ಕಡಿಯುವ ಯಂತ್ರ ಕಲಿಯುವುದು, ಕಲಿಸುವುದು

ಹಾರ್ವೆಸ್ಟರ್ ಎಂದರೆ ನಮ್ಮ ಕಡೆ ಭತ್ತ ಕೊಯ್ಯುವ ಯಂತ್ರವೇ ಕಣ್ಣ ಮುಂದೆ ಬರುತ್ತದೆ. ಕಾಡಿನ ಹಾರ್ವೆಸ್ಟರ್ ಬೇರೆ. ಉದ್ದನೆಯ ಬೂಮಿನ (ಯಂತ್ರದ ತೋಳಿನ) ತುದಿಯಲ್ಲಿರುವ ಅದರ ‘ತಲೆ’ ಮರದ ಬುಡವನ್ನು ಹಿಡಿದು ಕೊಯ್ಯುತ್ತದೆ, ಉರುಳಿಸುತ್ತದೆ, ರೆಂಬೆ ಸವರುತ್ತದೆ, ಅಳೆದು ತುಂಡು ಮಾಡಿ ಸಾಲಾಗಿ ಇಡುತ್ತದೆ. ಹಿಂದೆ ಬರುವ ಫಾರ್ವರ್ಡರ್ ಆ ದಿಮ್ಮಿಗಳನ್ನು ಹೇರಿಕೊಂಡು ರಸ್ತೆ ಬದಿಗೆ ತರುತ್ತದೆ. ಫಿನ್‌ಲೆಂಡ್, ಸ್ವೀಡನ್‌ಗಳಲ್ಲಿ ಕೂಪಿನ (ಮರ ಕಡಿಯುವ ಜಾಗದ) ಕೆಲಸ ಬಹುಪಾಲು ಈ ಜೋಡಿಯದೇ. ವಿದ್ಯಾರ್ಥಿಗಳಿಗೆ ಈ ಕೆಲಸ ಕಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಬಿ.ಎಸ್ಸಿ. ಅರಣ್ಯಶಾಸ್ತ್ರದ ಮೂರನೇ ವರ್ಷದಲ್ಲಿದ್ದೇನೆ. ಫಿನ್‌ಲೆಂಡಿಗೆ ಹೋಗಿ ಹಾರ್ವೆಸ್ಟರ್ ಕಲಿಯುವ ಆಸೆ. ಎಷ್ಟು ಕಾಲ ಬೇಕು? ಊರಲ್ಲಿ ಜೆಸಿಬಿ ಓಡಿಸಿದ ಅಭ್ಯಾಸ ಉಪಯೋಗಕ್ಕೆ ಬರುತ್ತದೆಯೆ? — ವಿದ್ಯಾರ್ಥಿ, ಶಿರಸಿ

ಉತ್ತರ: ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಅಲ್ಲಿ ಇದು ಪದವಿ ವಿಷಯವಲ್ಲ, ನಮ್ಮ ಐಟಿಐ ತರಹದ ವೃತ್ತಿ ಶಿಕ್ಷಣ. ಮೂಲ ಶಿಕ್ಷಣ ಮುಗಿಸಿದ ಹದಿನಾರರ ಆಸುಪಾಸಿನ ಮಕ್ಕಳು ಸೇರುತ್ತಾರೆ. ಒಟ್ಟು 180 ಕಲಿಕೆಯ ಅಂಕಗಳ (ಕ್ರೆಡಿಟ್) ಅರ್ಹತೆ ಅದು. ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಮೊದಲೇ ತಿಳಿವಳಿಕೆ ಇರುವ ವಯಸ್ಕರಿಗೆ ಅವರವರ ಅನುಭವ ನೋಡಿ ಅವಧಿ ಕಡಿಮೆಯಾಗುವುದುಂಟು. ಸಿಮ್ಯುಲೇಟರ್ (ಪರದೆಯ ಮುಂದಿನ ಅಣಕು ಯಂತ್ರ), ಶಾಲೆಯ ಯಂತ್ರ, ಆಮೇಲೆ ಗುತ್ತಿಗೆದಾರರ ಬಳಿ ನಿಜವಾದ ಕೂಪಿನಲ್ಲಿ ಕೆಲಸ, ಹೀಗೆ ಕಲಿಕೆ ಸಾಗುತ್ತದೆ. ಪಾಠ ಬಹುತೇಕ ಫಿನ್ನಿಷ್ ಭಾಷೆಯಲ್ಲಿ. ಆದ್ದರಿಂದ ಅರ್ಜಿ ಹಾಕುವ ಮುಂಚೆ ಭಾಷೆಯ ವಿಚಾರವನ್ನು ಆ ಶಾಲೆಯಲ್ಲೇ ಕೇಳಿ ತಿಳಿದುಕೊಳ್ಳಿ. ಸರ್ಟಿಫಿಕೇಟ್ ಕೈಗೆ ಬಂದ ಮಾತ್ರಕ್ಕೆ ಕೈ ಪಳಗಿತು ಅಂತಲ್ಲ. ಪೂರ್ತಿ ಹದಕ್ಕೆ ಬರಲು ಕೆಲಸದಲ್ಲಿ ಇನ್ನೂ ಕೆಲವು ವರ್ಷ ಕಳೆಯಬೇಕು.

ಜೆಸಿಬಿಯ ಅಭ್ಯಾಸ ಅರ್ಧ ಸಹಾಯ, ಅರ್ಧ ಅಡ್ಡಿ. ಲಿವರ್ ಎಷ್ಟು ಒತ್ತಿದರೆ ಎಷ್ಟು ಎಣ್ಣೆ ಹರಿಯುತ್ತದೆ ಎಂಬ ಅಂದಾಜು ನಿಮಗಿರುತ್ತದೆ, ಅದು ಲಾಭ. ಆದರೆ ಮಣ್ಣು ಅಗೆಯುವವರ ಕೈಗೆ ಬೂಮಿನಿಂದಲೇ ಒತ್ತುವ, ಎಳೆಯುವ ರೂಢಿ ಆಗಿರುತ್ತದೆ. ಹಾರ್ವೆಸ್ಟರಿನ ಬೂಮು ಇರುವುದು ತಲೆಯನ್ನು ಮರದ ಬಳಿ ತಂದು ನಿಲ್ಲಿಸುವುದಕ್ಕೆ. ಮಿಕ್ಕ ಕೆಲಸವೆಲ್ಲ ತಲೆಯದು. ಹತ್ತು ಮೀಟರ್ ಚಾಚಿದ ಬೂಮಿನ ತುದಿಯಲ್ಲಿ ಮರ ಹಿಡಿದು ಎಳೆದಾಡಿದರೆ ಪಿನ್ನು, ಬುಷ್ಷುಗಳು ಸವೆಯುತ್ತವೆ, ಇಳಿಜಾರಿನಲ್ಲಾದರೆ ಇಪ್ಪತ್ತು ಟನ್ನಿನ ಯಂತ್ರವೇ ವಾಲುತ್ತದೆ.

ಎಲ್ಲರಿಗೂ ಹಾರ್ವೆಸ್ಟರನ್ನೇ ಮೊದಲು ಹತ್ತುವ ಆತುರ. ಫಾರ್ವರ್ಡರಿನಿಂದ ಶುರು ಮಾಡುವುದೇ ಸರಿ. ಅದರಲ್ಲಿ ದಿಮ್ಮಿ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಯೋಚಿಸಲು ಸಮಯ ಸಿಗುತ್ತದೆ, ತಪ್ಪಿದರೆ ಕೆಳಗಿಟ್ಟು ಮತ್ತೆ ಎತ್ತಬಹುದು. ಬೀಳುತ್ತಿರುವ ಮರ ಆ ಅವಕಾಶ ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿಗೆ ಸಿಮ್ಯುಲೇಟರ್ ತರಿಸುವ ಮಾತು ನಡೆದಿದೆ. ಅದರಲ್ಲಿ ಏನನ್ನು ಕಲಿಸಬಹುದು, ಏನನ್ನು ಕಲಿಸಲಾಗದು? — ಉಪನ್ಯಾಸಕರು, ಪೊನ್ನಂಪೇಟೆ

ಉತ್ತರ: ಸಿಮ್ಯುಲೇಟರ್ ಕೈಗೆ ಕಲಿಸುತ್ತದೆ, ಕಣ್ಣಿಗೆ ಕಲಿಸುವುದಿಲ್ಲ. ಈ ಒಂದು ಮಾತಿನ ಮೇಲೆ ನಿಮ್ಮ ಇಡೀ ವೇಳಾಪಟ್ಟಿ ನಿಲ್ಲಲಿ.

ಕೈಯ ಭಾಗ ಹೀಗೆ. ಮೊದಲ ದಿನ ಕುರ್ಚಿ ಮಾತ್ರ. ಮೊಣಕೈ ಪೂರ್ತಿ ಆನಿಕೆಯ ಮೇಲೆ ಕೂತು, ಭುಜ ಇಳಿದು, ಬೆರಳು ಮತ್ತು ಮಣಿಕಟ್ಟು ಮಾತ್ರ ಆಡುವಂತಿರಬೇಕು. ಇದನ್ನು ಹಗುರವಾಗಿ ಎಣಿಸಬೇಡಿ, ಕತ್ತು ಮತ್ತು ಭುಜದ ನೋವು ಈ ವೃತ್ತಿಯವರನ್ನು ಬಿಡದೆ ಕಾಡುತ್ತದೆ. ಆಮೇಲೆ ಒಂದು ಸಲಕ್ಕೆ ಒಂದೇ ಚಲನೆ. ಫಾರ್ವರ್ಡರಿನ ಸಾಮಾನ್ಯ ಜೋಡಣೆಯಲ್ಲಿ ಎಡಗೈ ಲಿವರು ಬೂಮನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ, ಹೊರತೋಳನ್ನು ಆಡಿಸುತ್ತದೆ. ಬಲಗೈಯದು ಮುಖ್ಯ ಬೂಮನ್ನು ಎತ್ತಿ ಇಳಿಸುತ್ತದೆ, ರೊಟೇಟರನ್ನು, ಅಂದರೆ ತುದಿಯ ಹಿಡಿಕೆಯನ್ನು ಸುತ್ತಿಸುವ ಕೀಲನ್ನು, ತಿರುಗಿಸುತ್ತದೆ. ಒಂದೊಂದೂ ಬಂದ ಮೇಲೆ ಎರಡನ್ನು ಸೇರಿಸಿ: ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಬೂಮಿನ ತುದಿಯನ್ನು ನೇರ ಗೆರೆಯಲ್ಲಿ ದೂರಕ್ಕೆ ಒಯ್ದು ವಾಪಸು ತರಬೇಕು. ನೋಡಲು ಸುಲಭ, ಮಾಡಲು ಬಲು ಕಷ್ಟ. ಮುಖ್ಯ ಬೂಮು ಇಳಿಯುತ್ತಿರುವಾಗಲೇ ಹೊರತೋಳು ಚಾಚಬೇಕು, ಎರಡರ ವೇಗ ಹೊಂದದಿದ್ದರೆ ತುದಿ ಅಲೆಯಲೆಯಾಗಿ ಏರಿಳಿಯುತ್ತದೆ. ಈ ಗೆರೆ ನೇರವಾಗುವ ತನಕ ಮರದ ಪಾಠಕ್ಕೆ ಹೋಗಬೇಡಿ. ತುದಿಯನ್ನು ಕಂಪ್ಯೂಟರೇ ನೇರವಾಗಿ ನಡೆಸುವ ಬೂಮುಗಳೂ ಈಗ ಬಂದಿವೆ. ಆದರೂ ಹಳೆಯ ಕ್ರಮವನ್ನು ಮೊದಲು ಕಲಿಸುವುದು ಒಳ್ಳೆಯದು, ಯಾಕೆಂದರೆ ವಿದ್ಯಾರ್ಥಿ ನಾಳೆ ಯಾವ ಯಂತ್ರ ಹತ್ತುತ್ತಾನೋ ಗೊತ್ತಿಲ್ಲ.

ಆರಂಭದ ವಾರಗಳಲ್ಲಿ ಪರದೆಯ ಗಡಿಯಾರ ಮುಚ್ಚಿಡಿ. ಎಷ್ಟು ಮರ ಆಯಿತು ಎಂದು ಎಣಿಸಬೇಡಿ. ಬೂಮು ಎಷ್ಟು ಸಲ ನಿಂತ ಮರಕ್ಕೆ ತಗುಲಿತು, ಮೋಟು ಎಷ್ಟು ಎತ್ತರ ಉಳಿಯಿತು, ಇವನ್ನು ಎಣಿಸಿ. ಮೋಟು ಹತ್ತು ಸೆಂಟಿಮೀಟರಿಗಿಂತ ಎತ್ತರವಾದಷ್ಟೂ ಮರದ ಅತ್ಯಂತ ದಪ್ಪನೆಯ, ಬೆಲೆಬಾಳುವ ಭಾಗ ಕಾಡಿನಲ್ಲೇ ಉಳಿಯುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ದಣಿದ ಕೈಗೆ ತಪ್ಪೇ ಅಭ್ಯಾಸವಾಗಿ ಕೂರುತ್ತದೆ.

ಇನ್ನು ಕಣ್ಣಿನ ಪಾಠ. ಫಿನ್‌ಲೆಂಡ್, ಸ್ವೀಡನ್‌ಗಳಲ್ಲಿ ತೆಳುಗೊಳಿಸುವ (ನಡುನಡುವೆ ಕೆಲವು ಮರ ಮಾತ್ರ ತೆಗೆಯುವ) ಕೂಪಿನಲ್ಲಿ ಮುಂಚಿತವಾಗಿ ಮರಗಳಿಗೆ ಗುರುತು ಹಾಕಿರುವುದಿಲ್ಲ. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಕ್ಯಾಬಿನಲ್ಲಿ ಕೂತ ಚಾಲಕನೇ ಕೆಲವೇ ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಡೊಂಕು, ಕವಲು, ಗಾಯವಾದದ್ದು, ನೆರಳಲ್ಲಿ ಸಿಕ್ಕಿ ತಲೆ ಸಣ್ಣಗಾದದ್ದು ಹೋಗಬೇಕು. ನೇರ ಕಾಂಡ, ತುಂಬು ಹಸಿರು ತಲೆಯದು ಉಳಿಯಬೇಕು. ಇದು ಪರದೆ ನೋಡಿ ಬರುವ ವಿದ್ಯೆಯಲ್ಲ, ನಡೆದು ಬರಬೇಕು. 3.99 ಮೀಟರ್ ಉದ್ದದ ಹಗ್ಗ ಅಥವಾ ಕೋಲು ಕೊಟ್ಟು ವಿದ್ಯಾರ್ಥಿಯನ್ನು ನೆಡುತೋಪಿನ ನಡುವೆ ನಿಲ್ಲಿಸಿ. ಆ ತ್ರಿಜ್ಯದ ವೃತ್ತ ಸರಿಯಾಗಿ 50 ಚದರ ಮೀಟರ್. ಒಳಗಿನ ಮರ ಎಣಿಸಿ 200ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಮರ ಎಂಬುದು ಸಿಗುತ್ತದೆ. ಐದು ಸಿಕ್ಕರೆ ಸಾವಿರ. ಇಂಥ ಹತ್ತು ವೃತ್ತ ಅಳೆದು ಸರಾಸರಿ ತೆಗೆಯಲಿ. ಯಾವ ಮರ ತೆಗೆಯುತ್ತೀಯ, ಯಾಕೆ ಎಂದು ಪ್ರತಿ ವೃತ್ತದಲ್ಲೂ ಬಾಯಿ ಬಿಟ್ಟು ಹೇಳಲಿ. ಮರ ಆರಿಸುವ ಬುದ್ಧಿ ಬಲಿತರೆ ನಿಮ್ಮ ಹುಡುಗರು ಯಾವ ದೇಶದಲ್ಲೂ ಗೆಲ್ಲುತ್ತಾರೆ. ಇದಕ್ಕೆ ಸಿಮ್ಯುಲೇಟರ್ ಬರುವ ತನಕ ಕಾಯಬೇಕಾಗಿಯೂ ಇಲ್ಲ.

ನೆಲವೂ ಸಿಮ್ಯುಲೇಟರಿನಲ್ಲಿ ಇರುವುದಿಲ್ಲ. ನಿಜವಾದ ಕೂಪಿನಲ್ಲಿ ಯಂತ್ರ ಓಡುವ ಹಾದಿ ನಾಲ್ಕೂಕಾಲು ಮೀಟರಿನಷ್ಟು ಅಗಲ, ಒಂದು ಹಾದಿಯಿಂದ ಇನ್ನೊಂದಕ್ಕೆ ಸುಮಾರು 20 ಮೀಟರ್ ಅಂತರ. ಹತ್ತು ಮೀಟರ್ ಬೂಮು ಎರಡೂ ಕಡೆ ಮುಟ್ಟುತ್ತದೆ ಎಂಬುದೇ ಈ ಲೆಕ್ಕದ ಗುಟ್ಟು. ಮರವನ್ನು ಹಾದಿಯ ಮುಂದಕ್ಕೆ ತಂದು ಸವರಿದರೆ ರೆಂಬೆ ಸೊಪ್ಪು ಚಕ್ರದಡಿ ಬೀಳುತ್ತದೆ. ಆ ಸೊಪ್ಪಿನ ಹಾಸಿಗೆಯ ಮೇಲೆ ಯಂತ್ರ ಹೋದರೆ ಮಣ್ಣು ಕುಸಿಯದು, ಬೇರು ತರಚದು. ಸೊಪ್ಪನ್ನು ಪಕ್ಕಕ್ಕೆ ಚೆಲ್ಲಿದ ವಿದ್ಯಾರ್ಥಿಯ ತಪ್ಪಿಗೆ, ಹಿಂದಿನಿಂದ ತುಂಬಿದ ಫಾರ್ವರ್ಡರ್ ತರುವವನು ಕೆಸರಿನಲ್ಲಿ ಹೂತು ದಂಡ ತೆರುತ್ತಾನೆ.

ಪ್ರಶ್ನೆ: ಮಗ ಇಲ್ಲಿನ ಅರಣ್ಯ ಶಾಲೆ ಸೇರಿದ್ದಾನೆ. ಗರಗಸದ ಚೈನ್ ತುಂಡಾದರೆ ಗುಂಡಿನ ಹಾಗೆ ಹಾರುತ್ತದೆ ಎಂದು ಅವನೇ ಹೇಳಿದ. ಆಗಿನಿಂದ ಸಮಾಧಾನವಿಲ್ಲ. ಇದು ನಿಜವೆ? — ತಾಯಿ, ಉಮಿಯೊ, ಸ್ವೀಡನ್

ಉತ್ತರ: ನಿಜ ತಾಯಿ. ಆದರೆ ಅದು ಯಾವ ದಿಕ್ಕಿಗೆ ಹಾರುತ್ತದೆ ಎಂಬುದು ಗೊತ್ತಿರುವುದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇದೆ. ನಿಮ್ಮ ಮಗ ಅದನ್ನು ಮನೆಯಲ್ಲಿ ಹೇಳಿದ್ದೇ ಶಾಲೆ ಸರಿಯಾಗಿ ಕಲಿಸುತ್ತಿದೆ ಎಂಬುದರ ಗುರುತು.

ಹಾರ್ವೆಸ್ಟರಿನ ಚೈನು ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಕಡೆ ಕಡಿದರೆ ಬಿಟ್ಟ ತುದಿ ಚಾವಟಿಯಂತೆ ಬೀಸುತ್ತದೆ. ಆ ಬೀಸಿನಲ್ಲಿ ತುದಿಯ ಒಂದೆರಡು ಕೊಂಡಿ ಕಳಚಿ ಸಿಡಿಯುತ್ತವೆ, ಆಗ ಅವುಗಳ ವೇಗ ಚೈನಿನ ವೇಗದ ಎಷ್ಟೋ ಪಟ್ಟು. ಅವು ಹೆಚ್ಚಾಗಿ ಹೋಗುವುದು ಗರಗಸದ ಬಾರು (ಚೈನು ಸುತ್ತುವ ಉದ್ದನೆಯ ಪಟ್ಟಿ) ಯಾವ ಸಮತಲದಲ್ಲಿ ಇದೆಯೋ ಅದೇ ಸಮತಲದಲ್ಲಿ, ಮುಂದಕ್ಕೂ ಹಿಂದಕ್ಕೂ. ಹಾಗಾಗಿ ಮೊದಲ ನಿಯಮ ಇದು: ಬಾರಿನ ಸಮತಲ ಕ್ಯಾಬಿನ ಕಡೆ, ರಸ್ತೆಯ ಕಡೆ, ಮನುಷ್ಯರ ಕಡೆ ಇರಕೂಡದು. ಕಲಿಯುವವರು ಎಡವುವುದು ಇಲ್ಲಿಯೇ. ಮರ ನಿಂತಿರುವಾಗ ಬಾರು ನೆಲಕ್ಕೆ ಸಮನಾಗಿ ಚಲಿಸುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಮರವನ್ನು ಕ್ಯಾಬಿನ ಮುಂದೆ ಅಡ್ಡಡ್ಡ ಮಲಗಿಸಿ ತುಂಡು ಮಾಡುವಾಗ ಬಾರು ಮೇಲಿನಿಂದ ಕೆಳಕ್ಕೆ ಬರುತ್ತದೆ. ತಲೆಯೂ ಕ್ಯಾಬಿನ ನೇರದಲ್ಲಿದ್ದರೆ ಆ ಸಮತಲ ನೇರವಾಗಿ ಚಾಲಕನ ಎದೆಯ ಮೂಲಕ ಹಾದುಹೋಗುತ್ತದೆ. ಆದ್ದರಿಂದ ರೊಟೇಟರ್ ತಿರುಗಿಸಿ ದಿಮ್ಮಿಯನ್ನು ಓರೆ ಮಾಡಿಕೊಂಡೇ ಕೊಯ್ಯಬೇಕು.

ಎರಡನೆಯದು ಗಾಜು. ಕ್ಯಾಬಿನ ಕಿಟಕಿಗಳು ಪಾಲಿಕಾರ್ಬೊನೇಟಿನ ದಪ್ಪ ಹಲಗೆಗಳು, ಅವುಗಳ ಪರೀಕ್ಷೆಗೆಂದೇ ಐಎಸ್‌ಒ 11837 ಎಂಬ ಮಾನದಂಡವಿದೆ. ಗೀರು ಬಿದ್ದ, ಬಿರುಕು ಬಿಟ್ಟ, ಮಂಜಾದ ಹಲಗೆ ಬದಲಾಯಿಸಲೇಬೇಕು. ಮೂರನೆಯದು ದೂರ. ಯಂತ್ರಕ್ಕೆ ಅನುಸಾರವಾಗಿ 70ರಿಂದ 90 ಮೀಟರ್ ಒಳಗೆ ಯಾರೂ ಬರಬಾರದು ಎಂದು ಯಂತ್ರದ ಮೇಲೆಯೇ ಬರೆದಿರುತ್ತದೆ. ಯಾರಾದರೂ ಒಳಗೆ ಕಾಲಿಟ್ಟರೆ ಚಾಲಕ ತಲೆಯನ್ನು ನೆಲಕ್ಕಿಟ್ಟು ಕೆಲಸ ನಿಲ್ಲಿಸಬೇಕು. ಮಾತಾಡಿಸಲು ಬಂದ ಮಾಲೀಕನಿಗೂ ಇದು ಬಿಟ್ಟಿದ್ದಲ್ಲ.

ಚೈನು ಸುಮ್ಮನೆ ತುಂಡಾಗುವುದಿಲ್ಲ. ಮೊಂಡಾದದ್ದನ್ನು ಒತ್ತಿ ಒತ್ತಿ ಕೊಯ್ಯುವುದು, ಎಣ್ಣೆ ಮುಗಿದದ್ದನ್ನು ಗಮನಿಸದಿರುವುದು, ಸಡಿಲ ಬಿಡುವುದು, ಸವೆದ ಹಲ್ಲುಚಕ್ರದ ಮೇಲೆ ಹೊಸ ಚೈನು ಏರಿಸುವುದು, ಹಳೆಯ ತುಂಡುಗಳನ್ನು ಸುತ್ತಿಗೆಯಿಂದ ಬಡಿದು ಜೋಡಿಸುವುದು, ಕಾರಣ ಇವೇ. ಕೊಯ್ದಾಗ ಉದುರುವುದು ಚಕ್ಕೆಯಾಗಿದ್ದರೆ ಚೈನು ಹರಿತವಾಗಿದೆ, ಹಿಟ್ಟಿನಂತಿದ್ದರೆ ಮೊಂಡಾಗಿದೆ. ಕೊಂಡಿಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಿಲ್ಲದೆ ಕಾದಿದೆ ಎಂದರ್ಥ, ಅದನ್ನು ಮತ್ತೆ ಏರಿಸಬಾರದು. ಪಾಳಿಗೆ ಎರಡು ಮೂರು ಸಲ ಚೈನು ಬದಲಿಸುವುದು ಸೋಮಾರಿತನವಲ್ಲ, ಒಳ್ಳೆಯ ಚಾಲಕನ ಲಕ್ಷಣ. ಮಗನನ್ನು ಕೇಳುವುದಿದ್ದರೆ ಇದೊಂದನ್ನು ಕೇಳಿ.

ಪ್ರಶ್ನೆ: ಯಂತ್ರವೇ ಉದ್ದ, ದಪ್ಪ ಅಳೆಯುತ್ತದೆ ಎಂದ ಮೇಲೆ ವಿದ್ಯಾರ್ಥಿಗೆ ಟೇಪು ಹಿಡಿಸುವುದು ಯಾಕೆ? — ಯಲ್ಲಾಪುರ

ಉತ್ತರ: ಯಂತ್ರ ತಪ್ಪಾಗಿ ಅಳೆಯುತ್ತದೆ, ಅದಕ್ಕೆ. ಉದ್ದವನ್ನು ಅಳೆಯುವುದು ಕಾಂಡಕ್ಕೆ ಒತ್ತಿ ಉರುಳುವ ಒಂದು ಸಣ್ಣ ಹಲ್ಲಿನ ಚಕ್ರ. ದಪ್ಪವನ್ನು ಸವರುವ ಕತ್ತಿಗಳು ಅಥವಾ ರೋಲರುಗಳು ಎಷ್ಟು ತೆರೆದಿವೆ ಎಂಬುದರಿಂದ ಲೆಕ್ಕ ಹಾಕುತ್ತದೆ. ವಸಂತದಲ್ಲಿ ರಸವೇರಿ ತೊಗಟೆ ಸಡಿಲವಾದಾಗ ಹಲ್ಲು ಆಳಕ್ಕಿಳಿಯುತ್ತದೆ. ಚಳಿಗಾಲದಲ್ಲಿ ತೊಗಟೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಹಲ್ಲಿನ ಸಂದಿಯಲ್ಲಿ ಮಂಜು ತುಂಬಿ ಚಕ್ರ ಜಾರುತ್ತದೆ. ಕತ್ತಿಯ ಒತ್ತಡ ಕಡಿಮೆಯಾದರೆ ಕಾಂಡಕ್ಕೂ ಕತ್ತಿಗೂ ನಡುವೆ ಸಂದು ಉಳಿದು ಮರ ಇದ್ದದ್ದಕ್ಕಿಂತ ದಪ್ಪ ತೋರುತ್ತದೆ. ಜಾಸ್ತಿಯಾದರೆ ತೊಗಟೆ ಸುಲಿದು, ಮರ ಮುಂದಕ್ಕೆ ಹೋಗದೆ ರೋಲರ್ ಅಲ್ಲೇ ಗಿರ್ರೆನ್ನುತ್ತದೆ.

ಇದರ ನಷ್ಟ ನೋಡಿ. ಫಿನ್‌ಲೆಂಡಿನಲ್ಲಿ ಗರಗಸದ ಮಿಲ್ಲಿಗೆ ಹೋಗುವ ದಿಮ್ಮಿಯ ಉದ್ದಗಳು 30 ಸೆಂಟಿಮೀಟರಿನ ಮೆಟ್ಟಿಲು: 4.30, 4.60, 4.90 ಮೀಟರ್, ಹೀಗೆ. ಜೊತೆಗೆ ಕೆಲವು ಸೆಂಟಿಮೀಟರ್ ಬಿಡುವು. 4.60 ಎಂದು ಯಂತ್ರ ತೋರಿಸಿದ್ದು ನಿಜದಲ್ಲಿ 4.57 ಇದ್ದರೆ ಅದು 4.30ರ ಮೆಟ್ಟಿಲಿಗೆ ಇಳಿಯುತ್ತದೆ. ಮೂರು ಸೆಂಟಿಮೀಟರಿನ ತಪ್ಪಿಗೆ ಇಪ್ಪತ್ತೇಳು ಸೆಂಟಿಮೀಟರ್ ಮರ ಹಾಳು. ಯಂತ್ರ ದಿನಕ್ಕೆ ನೂರಾರು ಮರ ಕಡಿಯುತ್ತದೆ, ಇದೇ ತಪ್ಪು ಪ್ರತಿಯೊಂದರಲ್ಲೂ ಮರುಕಳಿಸುತ್ತದೆ.

ಅದಕ್ಕೆ ಕಂಪ್ಯೂಟರ್ ತಾನಾಗಿಯೇ ಆಗಾಗ ಒಂದು ಮರವನ್ನು ‘ಇದನ್ನು ಅಳೆ’ ಎಂದು ಆರಿಸಿಕೊಡುತ್ತದೆ. ಆರಿಸುವುದು ಚಾಲಕನಲ್ಲ ಎಂಬುದು ಮುಖ್ಯ, ಇಲ್ಲದಿದ್ದರೆ ಎಲ್ಲರೂ ನೇರ ಮರವನ್ನೇ ಹುಡುಕುತ್ತಾರೆ. ವಿದ್ಯಾರ್ಥಿ ಕೆಳಗಿಳಿದು ಟೇಪಿನಿಂದ ಉದ್ದವನ್ನೂ, ಕ್ಯಾಲಿಪರಿನಿಂದ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನ ದಪ್ಪವನ್ನೂ ಹಲವು ಕಡೆ ತೆಗೆದು ಯಂತ್ರದ ಲೆಕ್ಕಕ್ಕೆ ಹೋಲಿಸಬೇಕು. ಒಂದೇ ಮರ ನೋಡಿ ತಿದ್ದುಪಡಿ ಮಾಡಬಾರದು. ಹಲವು ಮರಗಳಲ್ಲಿ ತಪ್ಪು ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ಕೈ ಹಾಕಬೇಕು. ಅದಕ್ಕೂ ಮುಂಚೆ ಅಳತೆಯ ಚಕ್ರದ ಹಲ್ಲಿನ ಸಂದಿ ಕೆರೆದು ಸ್ವಚ್ಛ ಮಾಡಿ ನೋಡಲಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಪ್ರಶ್ನೆ: ಮರ ಕೊಯ್ದ ಕೂಡಲೇ ಮೋಟಿನ ಮೇಲೆ ನೀಲಿ ದ್ರಾವಣ ಬೀಳುವ ವಿಡಿಯೊ ನೋಡಿದೆ. ಅದೇನು? — ಬೆಂಗಳೂರು

ಉತ್ತರ: ಬೇರು ಕೊಳೆ ತರುವ ಶಿಲೀಂಧ್ರದ ಬೀಜಕಣಗಳು ಬೆಚ್ಚಗಿನ ತಿಂಗಳುಗಳಲ್ಲಿ ಹಸಿ ಮೋಟಿನ ಮೇಲೆ ಕೂತು ಬೇರಿನ ಮೂಲಕ ಪಕ್ಕದ ಮರಕ್ಕೆ ದಾಟುತ್ತವೆ. ಅದನ್ನು ತಡೆಯಲು ಯೂರಿಯಾ ದ್ರಾವಣವನ್ನೋ, ಇನ್ನೊಂದು ನಿರಪಾಯ ಶಿಲೀಂಧ್ರದ ಕಣಗಳನ್ನೋ ಬಾರಿನ ತೂತುಗಳಿಂದಲೇ ಸಿಂಪಡಿಸುತ್ತಾರೆ. ಬಣ್ಣ ಹಾಕುವುದು ಎಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟಿದೆ ಎಂದು ಕಾಣಲಿ ಎಂದು. ಮೋಟಿನ ಮೇಲ್ಮೈಯ ಕನಿಷ್ಠ ಶೇಕಡಾ 85 ಭಾಗ ಮುಚ್ಚಬೇಕು ಎಂಬುದು ಫಿನ್‌ಲೆಂಡಿನ ನಿಯಮ. ಬಾರಿನ ತೂತು ಕಟ್ಟಿಕೊಂಡರೆ ಮೋಟಿನ ಮೇಲೆ ಬಣ್ಣವಿಲ್ಲದ ಪಟ್ಟೆ ಕಾಣುತ್ತದೆ, ಆಗ ಬಾರು ಬಿಚ್ಚಿ ತೊಳೆಯಬೇಕು.

ಪ್ರಶ್ನೆ: ಕಲಿಯುವವರು ಹೆಚ್ಚಾಗಿ ಮುರಿಯುವುದು ಏನನ್ನು? — ದಾಂಡೇಲಿ

ಉತ್ತರ: ಬಾರು ಮತ್ತು ಹೋಸು (ಎಣ್ಣೆ ಹರಿಯುವ ರಬ್ಬರ್ ಕೊಳವೆ). ಕೊಯ್ದು ಮುಗಿದ ಬಾರು ಪೂರ್ತಿ ಒಳಗೆ ಸೇರುವ ಮುಂಚೆಯೇ ಮರವನ್ನು ಮುಂದಕ್ಕೆ ಓಡಿಸಿದರೆ ಬಾರು ಬಾಗುತ್ತದೆ. ವಾಲಿದ ಮರದಲ್ಲಿ ಬಾರು ಕಚ್ಚಿಕೊಂಡಾಗ ಬೂಮಿನಿಂದ ಜಗ್ಗಿದರೂ ಅದೇ ಗತಿ. ಆಗ ಜಗ್ಗಬಾರದು, ತಲೆಯ ಹಿಡಿತ ಬಿಡದೆ ಮರವನ್ನು ಸೀಳು ತೆರೆಯುವ ಕಡೆಗೆ ನಿಧಾನವಾಗಿ ಒತ್ತಬೇಕು. ಹೋಸುಗಳು ರೆಂಬೆಗೆ ಸಿಕ್ಕಿ ಹರಿಯುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದು ವರ್ಕ್‌ಶಾಪಿನ ಗೋಡೆಗೆ ಅಂಟಿಸಬೇಕು: ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಕೈಯಿಂದ ಸವರಿ ನೋಡಬೇಡಿ. 200 ಬಾರ್‌ಗೂ (ಬಾರ್ ಎಂದರೆ ಒತ್ತಡದ ಅಳತೆ) ಮೀರಿದ ಒತ್ತಡದಲ್ಲಿ ಸೂಜಿ ತೂತಿನಿಂದ ಚಿಮ್ಮುವ ಎಣ್ಣೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ, ಆದರೆ ಕೆಲವು ಗಂಟೆ ತಡವಾದರೂ ಬೆರಳು ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಒಳಹೊಕ್ಕ ಸಂಶಯ ಬಂದರೂ ಸಾಕು, ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು: ಗಾಯಗಳು ಬಹಳಷ್ಟು ಆಗುವುದು ಮರ ಕಡಿಯುವಾಗಲ್ಲ, ರಿಪೇರಿ ಮಾಡುವಾಗ ಮತ್ತು ಕ್ಯಾಬಿನಿಂದ ಇಳಿಯುವಾಗ. ತಲೆಯನ್ನು ನೆಲಕ್ಕಿಟ್ಟು, ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಆಮೇಲೆ ಕೈ ಹಾಕಬೇಕು. ಇಳಿಯುವಾಗ ಯಂತ್ರದ ಕಡೆ ಮುಖ ಮಾಡಿ, ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಊರಿರಬೇಕು.

ಪ್ರಶ್ನೆ: ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ತೆಗೆಯಲು ಇಂಥ ಯಂತ್ರ ತರಿಸಬಹುದೆ? ಇಲ್ಲವಾದರೆ ಹುಡುಗರಿಗೆ ಏನು ಕಲಿಸಬೇಕು? — ಬೆಳೆಗಾರರು, ಮಡಿಕೇರಿ

ಉತ್ತರ: ಬೇಡ. ಇಪ್ಪತ್ತು ಟನ್ನಿನ ಯಂತ್ರ ಕಾಫಿ ಸಾಲಿನೊಳಗೆ ನುಗ್ಗಿದರೆ ಗಿಡವೂ ಉಳಿಯದು, ಮಳೆಗಾಲದ ಮಣ್ಣೂ ಉಳಿಯದು. ನಿಮ್ಮ ತೋಟಕ್ಕೆ ಚೈನ್‌ಸಾ, ಹಗ್ಗ, ಕೈ ವಿಂಚು, ಮರ ಹತ್ತಬಲ್ಲ ಒಬ್ಬ ಅನುಭವಿ, ಇಷ್ಟು ಸಾಕು. ಕಡಿಯುವ ಅನುಮತಿ, ಸಾಗಣೆಯ ಪರವಾನಗಿಗಳ ವಿಚಾರವನ್ನು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಮೆಣಸಿನ ಬಳ್ಳಿಯಿದ್ದರೆ ಬಿಡಿಸಿ ಪಕ್ಕಕ್ಕೆ ಸುತ್ತಿಟ್ಟು, ಹತ್ತಿದವನು ಮೇಲಿನ ರೆಂಬೆಗಳನ್ನು ಹಗ್ಗ ಕಟ್ಟಿ ಇಳಿಸಿದ ನಂತರವೇ ಬುಡಕ್ಕೆ ಗರಗಸ.

ಹುಡುಗರಿಗೆ ಮೊದಲ ದಿನ ಅರ ಹಿಡಿಯುವುದನ್ನು ಮಾತ್ರ ಕಲಿಸಿ. .325 ಇಂಚು ಪಿಚ್ಚಿನ (ಕೊಂಡಿಗಳ ಅಂತರದ) ಚೈನಿಗೆ 4.8 ಮಿಲಿಮೀಟರಿನ ದುಂಡು ಅರ, ಸಾಮಾನ್ಯ 3/8 ಇಂಚಿನದಕ್ಕೆ ಚೈನಿನ ತಯಾರಕರನ್ನು ನೋಡಿ 5.2 ಅಥವಾ 5.5. ಹಲ್ಲಿಗೆ 30 ಡಿಗ್ರಿ ಓರೆ ಹಿಡಿದು ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ವಾಪಸು ತರುವಾಗ ಅರ ಎತ್ತಬೇಕು. ಎಲ್ಲ ಹಲ್ಲಿಗೂ ಅಷ್ಟೇ ಎಳೆತ. ಒಂದು ಪಕ್ಕದ ಹಲ್ಲು ಗಿಡ್ಡವಾದರೆ ಕೊಯ್ತ ಸೊಟ್ಟಗಾಗುತ್ತದೆ. ಹಲ್ಲಿನ ಮುಂದಿರುವ ಆಳ ತಡೆ 0.65 ಮಿಲಿಮೀಟರ್ ತಗ್ಗಿರಲಿ. ಬೇಗ ಕೊಯ್ಯಲಿ ಎಂದು ಅದನ್ನು ಜಾಸ್ತಿ ಉಜ್ಜಿದರೆ ಗರಗಸ ಕೈಯಲ್ಲಿ ಕುಣಿಯುತ್ತದೆ. ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ 50:1, ಅಂದರೆ ಐದು ಲೀಟರಿಗೆ 100 ಮಿಲಿ.

ಎರಡನೇ ದಿನ ನೆಲಕ್ಕೆ ಬಿದ್ದ ಮರ. ಬಾರಿನ ಮೂತಿಯ ಮೇಲರ್ಧ ಎಲ್ಲಿಗಾದರೂ ತಾಗಿದರೆ ಗರಗಸ ಮುಖಕ್ಕೆ ಚಿಮ್ಮುತ್ತದೆ ಎಂಬುದನ್ನು ಇಲ್ಲೇ ಅರ್ಥ ಮಾಡಿಸಿ. ಎಡಗೈ ಹೆಬ್ಬೆರಳು ಹಿಡಿಯ ಕೆಳಗೆ ಸುತ್ತಿರಬೇಕು, ಹಿಡಿಯ ಮೇಲೆ ಸುಮ್ಮನೆ ಕೂತಿರಬಾರದು. ಮುಖಕವಚ, ಕಿವಿಗೆ ಮಫ್, ಕಾಲಿಗೆ ಚೈನ್‌ಸಾ ಪ್ಯಾಂಟ್ ಇಲ್ಲದೆ ಎಂಜಿನ್ ಚಾಲೂ ಮಾಡಕೂಡದು. ಆ ಪ್ಯಾಂಟಿನೊಳಗಿನ ಉದ್ದ ನಾರುಗಳು ಚೈನಿಗೆ ಸಿಕ್ಕಿ ಹಲ್ಲುಚಕ್ರಕ್ಕೆ ಸುತ್ತಿ ಗರಗಸವನ್ನು ನಿಲ್ಲಿಸುತ್ತವೆ.

ಮೂರನೇ ದಿನ ನಿಂತ ಮರ. ಬುಡದಲ್ಲಿ 40 ಸೆಂಟಿಮೀಟರ್ ದಪ್ಪದ ಸಿಲ್ವರ್ ಓಕ್ ಎಂದುಕೊಳ್ಳಿ. ಬೀಳಿಸುವ ಕಡೆಗೆ 8ರಿಂದ 10 ಸೆಂಟಿಮೀಟರ್ ಆಳದ ಬಾಯಿ (ಬೆಣೆಯಾಕಾರದ ಕಚ್ಚು) ತೆಗೆಯಬೇಕು. ಹಿಂದಿನ ಕೊಯ್ತವನ್ನು ಬಾಯಿಯ ಮೂಲೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲಿನಿಂದ ಶುರು ಮಾಡಿ, ನಡುವೆ 4 ಸೆಂಟಿಮೀಟರ್ ಮರ ಉಳಿದಾಗ ನಿಲ್ಲಿಸಬೇಕು. ಬಾಗಿಲಿಗೆ ತಿರುಗಣಿ ಇದ್ದಂತೆ ಆ ಪಟ್ಟಿಯೇ ಮರವನ್ನು ಹಿಡಿದು ದಿಕ್ಕು ತಪ್ಪದಂತೆ ಇಳಿಸುತ್ತದೆ. ಪೂರ್ತಿ ಕೊಯ್ದುಬಿಟ್ಟರೆ ಮರ ಯಾರ ಮಾತೂ ಕೇಳುವುದಿಲ್ಲ. ಬೀಳುವ ಕಡೆಗೇ ಜೋರಾಗಿ ವಾಲಿದ ಮರವನ್ನು ಮಾತ್ರ ಹೀಗೆ ಹಿಂದಿನಿಂದ ಕೊಯ್ಯಬಾರದು, ಅರ್ಧದಲ್ಲೇ ಕಾಂಡ ಮೇಲಕ್ಕೆ ಸೀಳಿ ಹಿಂದಕ್ಕೆ ಬಡಿಯುತ್ತದೆ. ಅದನ್ನು ಪಳಗಿದ ಕೈಗೇ ಬಿಡಿ.

ಕೊಯ್ಯುವ ಮೊದಲು ಹಿಂದಕ್ಕೆ ಓರೆಯಾಗಿ ಎರಡು ಓಡುದಾರಿ ಸವರಿಟ್ಟುಕೊಳ್ಳಬೇಕು. 20 ಮೀಟರ್ ಮರವಾದರೆ 40 ಮೀಟರ್ ಒಳಗೆ ಬೇರೆ ಯಾರೂ ಇರಬಾರದು. ಇಳಿಜಾರಿನ ಕೆಳಗಡೆಯಂತೂ ಮರ ಬಿದ್ದು ದಿಮ್ಮಿಯಾಗಿ, ಆ ದಿಮ್ಮಿಗೆ ಅಡ್ಡ ಗೂಟ ಬೀಳುವ ತನಕ ಕಾಫಿ ಕುಯ್ಯುವವರನ್ನು ಬಿಡಬೇಡಿ.